ಅಂಟಿನ ನಂಟು

ಊರುಗಳ ಹೆಸರನ್ನು ಬಿಡಿಸಿ ನೋಡುವುದು ನನಗೆ ಹಳೆಯ ಹವ್ಯಾಸ. ತಿರುಮಕೂಡಲು ನರಸೀಪುರವೆಂಬ ಉದ್ದನೆಯ ಹೆಸರಿನ ಒಡಲಲ್ಲಿ ‘ಕೂಡಲು’ ಎಂಬ ಮಾತು ಅಡಗಿದೆ. ಕೂಡಲು ಎಂದರೆ ಕೂಡುವ ಎಡೆ, ಸಂಗಮ. ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸನ್ನಿಧಿಯನ್ನು ಹಾದು ಬರುವ ಕಪಿಲೆ ಇಲ್ಲಿ ಕಾವೇರಿಯನ್ನು ಸೇರುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಇಲ್ಲಿಯೇ ಕೂಡುತ್ತದೆಂದು ನಂಬುವ ಭಕ್ತರಿಗೆ ಇದು ತ್ರಿವೇಣಿ ಸಂಗಮ; 1989ರಿಂದ ದಕ್ಷಿಣದ ಕುಂಭಮೇಳ ನಡೆಯುವ ಕ್ಷೇತ್ರವೂ ಹೌದು. ಇತ್ತ ನಂಜನಗೂಡಿನ ಹೆಸರಿನಲ್ಲಿರುವುದು ‘ಗೂಡು’. ನಂಜನ್ನುಂಡವನ ನೆಲೆ ಅದು. ರೇಷ್ಮೆಯ ಹುಳು ತನ್ನ ಸುತ್ತ ಕಟ್ಟಿಕೊಳ್ಳುವ ಮನೆಗೂ ನಾವು ಗೂಡು ಎಂದೇ ಹೇಳುತ್ತೇವೆ.

ಕೂಡುವುದು ಮತ್ತು ಹೊದಿಸುವುದು – ಈ ಎರಡು ಕ್ರಿಯೆಗಳ ಚರಿತ್ರೆಯನ್ನೇ ಈ ಲೇಖನದಲ್ಲಿ ಹೇಳಬೇಕೆಂದಿದ್ದೇನೆ. ರಾಜರ ಚರಿತ್ರೆಯನ್ನು ಬರೆಯುವವರು ಬಹಳ ಮಂದಿ ಇದ್ದಾರೆ; ಪೊಟ್ಟಣದ ಚರಿತ್ರೆಯನ್ನು ಬರೆಯುವವರು ವಿರಳ. ಆದರೆ ಒಂದು ಸಮಾಜ ತನ್ನ ಅನ್ನವನ್ನೂ ಔಷಧಿಯನ್ನೂ ಯಾವುದರಲ್ಲಿ ಸುತ್ತಿತು, ಆ ಸುತ್ತಿಗೆಯನ್ನು ಯಾವ ಅಂಟಿನಿಂದ ಬಿಗಿಯಿತು, ಉಂಡ ಮೇಲೆ ಅದನ್ನು ಎಲ್ಲಿ ಎಸೆಯಿತು ಎಂಬುದರಲ್ಲಿ ಆ ಸಮಾಜದ ಬುದ್ಧಿಯೂ ಮರೆವೂ ಒಟ್ಟಿಗೆ ಕಾಣಸಿಗುತ್ತವೆ. ಈ ಎರಡು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ವಿಜ್ಞಾನ ಬೋಧಿಸಿ ನಿವೃತ್ತನಾದ ನನಗೆ, ಆ ಚರಿತ್ರೆಯ ಮುಖ್ಯ ಅಧ್ಯಾಯಗಳೆಲ್ಲ ಕಪಿಲೆಯ ದಂಡೆಯಲ್ಲಿಯೇ ದೊರೆತವು.

ಮೊದಲ ಅಧ್ಯಾಯದಲ್ಲಿ ಅಂಟೇ ಇಲ್ಲ. ಬಾಳೆಲೆ, ಮುತ್ತುಗದ ಎಲೆ, ಬಾಳೆನಾರು, ಇಷ್ಟೇ. ಮುತ್ತುಗದ ಎಲೆಗಳನ್ನು ಸಣ್ಣ ಕಡ್ಡಿಯಿಂದ ಒಂದಕ್ಕೊಂದು ಚುಚ್ಚಿ ಹೊಲಿಯುವುದಕ್ಕೆ ನಮ್ಮ ಹಿರಿಯರು ‘ಎಲೆ ಹಚ್ಚುವುದು’ ಎನ್ನುತ್ತಿದ್ದರು. ಸಂಜೆಯ ಹೊತ್ತು ಜಗಲಿಯ ಮೇಲೆ ಕುಳಿತು ಎಲೆ ಹಚ್ಚುತ್ತಿದ್ದ ಅಜ್ಜಿಯರನ್ನು ಕಂಡ ಕೊನೆಯ ತಲೆಮಾರು ನಮ್ಮದು. ಊಟವಾದ ಮೇಲೆ ಎಲೆ ತಿಪ್ಪೆಗೆ, ತಿಪ್ಪೆ ಗದ್ದೆಗೆ. ಕಟ್ಟಿದ್ದು ಬಿಚ್ಚಿಕೊಳ್ಳುವುದಕ್ಕೆ ಯಾರ ಸಹಾಯವೂ ಬೇಕಿರಲಿಲ್ಲ.

ಎರಡನೆಯ ಅಧ್ಯಾಯ ಕಾಗದದ್ದು. 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆಯನ್ನು ಆರಂಭಿಸಿದರು. ಭತ್ತದ ಹೊಟ್ಟನ್ನು ಸುಟ್ಟು ತಯಾರಿಸಿದ ಅವರ ಹಲ್ಲುಪುಡಿ ‘ನಂಜನಗೂಡು ಹಲ್ಲುಪುಡಿ’ ಎಂದೇ ನಾಡಿನಾದ್ಯಂತ ಮನೆಮಾತಾಯಿತು. ಕಾಗದದ ಪೊಟ್ಟಣದಲ್ಲಿ ಬರುತ್ತಿದ್ದ ಆ ಪುಡಿಯನ್ನು ಅಂಗೈಗೆ ಸುರಿದುಕೊಂಡು ಬಚ್ಚಲ ಬಾಗಿಲಲ್ಲಿ ನಿಂತ ನೆನಪು ನನ್ನ ವಯಸ್ಸಿನ ಯಾರಿಗೆ ಇಲ್ಲ? ಆ ಕಾಲದ ಅಂಟುಗಳು ಮನೆಯವೇ. ಮೈದಾಹಿಟ್ಟನ್ನು ನೀರಿನಲ್ಲಿ ಕದಡಿ ಕಾಯಿಸಿದರೆ ಸರಿ ಸಿದ್ಧ. ಹುಳ ಹಿಡಿಯದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ. ಜೂನ್ ತಿಂಗಳಲ್ಲಿ ಶಾಲೆಯ ಮಕ್ಕಳ ಪುಸ್ತಕಗಳಿಗೆ ರಟ್ಟು ಕಟ್ಟಲು ಇದೇ ಸರಿ, ಗೋಡೆಗೆ ಸಿನಿಮಾ ಪೋಸ್ಟರ್ ಮೆತ್ತಲೂ ಇದೇ ಸರಿ. ಮೊದಲ ಮಳೆಗೆ ಪೋಸ್ಟರು ಕಳಚಿ ಬೀಳುತ್ತಿತ್ತು. ಅಂದು ಅದು ಆ ಅಂಟಿನ ದೋಷವೆಂದು ತೋರುತ್ತಿತ್ತು. ಇಂದು ಯೋಚಿಸಿದರೆ ಅದೇ ಅದರ ಗುಣವಾಗಿತ್ತೇನೋ ಎನ್ನಿಸುತ್ತದೆ.

ಇಲ್ಲಿ ಸ್ವಲ್ಪ ನಿಂತು, ಮನುಷ್ಯ ಮಾಡದ ಒಂದು ಅಂಟಿನ ಕಥೆಯನ್ನು ಹೇಳಬೇಕು. ಅದಕ್ಕಾಗಿ ನಂಜನಗೂಡಿನಿಂದ ನದಿಯ ಜಾಡು ಹಿಡಿದು ನರಸೀಪುರಕ್ಕೆ ಇಳಿಯಬೇಕು.

ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚಾಣಿಕೆಯ ಕಾರ್ಖಾನೆ ತಿ. ನರಸೀಪುರದಲ್ಲಿದೆ. ಊರಿನವರ ಬಾಯಲ್ಲಿ ಅದು ‘ಫಿಲೇಚರು’. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ರೇಷ್ಮೆ ಕೃಷಿಯೂ, 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ರೇಷ್ಮೆ ನೇಯ್ಗೆಯ ಕಾರ್ಖಾನೆಯೂ ಎಲ್ಲರಿಗೆ ಗೊತ್ತು. ಆದರೆ ಸೀರೆಯಾಗುವ ಮುನ್ನ ಗೂಡು ಬಿಚ್ಚಬೇಕಲ್ಲ! ಆ ಕೆಲಸ ನಡೆಯುವುದು ಇಂಥ ಕಡೆ. ಒಂಬತ್ತನೆಯ ತರಗತಿಯ ಮಕ್ಕಳನ್ನು ನಾನು ಒಂದೆರಡು ಬಾರಿ ಅಲ್ಲಿಗೆ ಕರೆದೊಯ್ದಿದ್ದೆ. ಒಳಗೆ ಕಾಲಿಟ್ಟೊಡನೆ ಬೇಯುತ್ತಿರುವ ಗೂಡಿನ ವಾಸನೆಗೆ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ ಬಿಸಿನೀರಿನ ತೊಟ್ಟಿಯಿಂದ ಕೂದಲೆಳೆಗಿಂತ ಸಣ್ಣದಾದ ಎಳೆಯೊಂದು ಮೇಲೆದ್ದು ರಾಟೆಯ ಕಡೆಗೆ ಸಾಗುವುದನ್ನು ಕಂಡಾಗ ಮೂಗಿನ ಮೇಲಿನ ಕೈ ತಾನಾಗಿ ಕೆಳಗಿಳಿಯುತ್ತಿತ್ತು.

ಆ ಎಳೆಯ ರಚನೆಯನ್ನು ಗಮನಿಸಿ. ಹುಳುವಿನ ಬಾಯಿಂದ ಹೊರಬರುವುದು ಫೈಬ್ರಾಯಿನ್ ಎಂಬ ಪ್ರೋಟೀನಿನ ಎರಡು ಎಳೆಗಳು. ಅವೆರಡನ್ನೂ ಸುತ್ತುವರಿದು ಬಂಧಿಸುವ ಇನ್ನೊಂದು ಪ್ರೋಟೀನು ಸೆರಿಸಿನ್. ಗೂಡಿನ ಚಿಪ್ಪಿನ ತೂಕದಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಪಾಲು ಈ ಅಂಟೇ. ತಲೆಯನ್ನು ಎಂಟರ ಆಕಾರದಲ್ಲಿ ತೂಗುತ್ತ ಹುಳು ಎಳೆಯ ಮೇಲೆ ಎಳೆ, ಪದರದ ಮೇಲೆ ಪದರ ಹಾಸುತ್ತದೆ; ಹಸಿಯಾದ ಸೆರಿಸಿನ್ ಒಣಗಿ ಪದರಗಳನ್ನು ಹಿಡಿದು ನಿಲ್ಲಿಸುತ್ತದೆ. ಅಂದರೆ ರೇಷ್ಮೆಯ ಗೂಡು ಪದರ ಪದರವಾಗಿ ಅಂಟಿಸಿ ಮಾಡಿದ ಒಂದು ಪೊಟ್ಟಣ. ಒಳಗಿನ ಜೀವಕ್ಕೆ ಗಾಳಿ ಬಿಡುತ್ತದೆ, ಶತ್ರುವಿನ ಬಾಯಿಗೆ ಸುಲಭವಾಗಿ ಸಿಗಗೊಡುವುದಿಲ್ಲ. ಆಕ್ಸ್‌ಫರ್ಡಿನಲ್ಲಿ ಫ್ರಿಟ್ಸ್ ವೋಲ್‌ರಾತ್ ಅವರ ತಂಡ ರೇಷ್ಮೆಗೂಡನ್ನು ಇದೇ ದೃಷ್ಟಿಯಿಂದ, ನಾರು ಮತ್ತು ಅಂಟು ಕೂಡಿದ ಸಂಯುಕ್ತ ವಸ್ತುವೆಂದು ಅಧ್ಯಯನ ಮಾಡಿದೆ.

ಇಷ್ಟು ಗಟ್ಟಿಯಾದ ಈ ಪೊಟ್ಟಣ ಬಿಸಿನೀರಿಗೆ ಸೋಲುತ್ತದೆ. ಬಿಸಿಗೆ ಸೆರಿಸಿನ್ ಮೆದುವಾಗಿ ಎಳೆಯನ್ನು ಬಿಟ್ಟುಕೊಡುತ್ತದೆ. ನೂರಾರು ಮೀಟರು ಉದ್ದದ ಎಳೆ ತುಂಡಾಗದೆ ಬಿಚ್ಚಿಕೊಳ್ಳುತ್ತದೆ. ಹುಳುವೇ ಬದುಕಿ ಚಿಟ್ಟೆಯಾದರೆ, ತಾನು ಒಸರಿಸುವ ದ್ರವದಿಂದ ಗೂಡಿನ ಒಂದು ತುದಿಯನ್ನು ಮೆದುಮಾಡಿಕೊಂಡು ಹೊರಬರುತ್ತದೆ. ಕಟ್ಟಿದವನಿಗೆ ಬಿಚ್ಚುವ ದಾರಿಯೂ ಗೊತ್ತು! ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಮೂರನೆಯ ಅಧ್ಯಾಯಕ್ಕೆ ಮತ್ತೆ ನಂಜನಗೂಡಿಗೆ ಬರೋಣ. 1959ರಲ್ಲಿ ಸ್ಥಾಪನೆಯಾದ ಸೌತ್ ಇಂಡಿಯಾ ಪೇಪರ್ ಮಿಲ್ಸ್ ಇರುವುದು ನಂಜನಗೂಡಿನ ಬಳಿಯ ಚಿಕ್ಕಯ್ಯನ ಛತ್ರದಲ್ಲಿ. ಹಳೆಯ ಕಾಗದವನ್ನು ನೀರಿನಲ್ಲಿ ಅರೆದು ಮತ್ತೆ ಕಂದು ಕಾಗದ ಮಾಡುವುದು, ಆ ಕಾಗದದಿಂದ ರಟ್ಟಿನ ಪೆಟ್ಟಿಗೆ ಮಾಡುವುದು ಈ ಕಾರ್ಖಾನೆಯ ಕಸುಬು. ರಟ್ಟಿನ ಪೆಟ್ಟಿಗೆಯ ಅಂಚನ್ನು ಅಡ್ಡಲಾಗಿ ಕತ್ತರಿಸಿ ನೋಡಿ: ಮೇಲೊಂದು ಚಪ್ಪಟೆ ಹಾಳೆ, ಕೆಳಗೊಂದು ಚಪ್ಪಟೆ ಹಾಳೆ, ನಡುವೆ ಅಲೆಯಲೆಯಾಗಿ ಮಡಿಚಿದ ಇನ್ನೊಂದು ಹಾಳೆ. ಈ ಅಲೆಯ ಕಾಗದಕ್ಕೆ 1856ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟು ದೊರೆತದ್ದು ಎತ್ತರದ ಟೋಪಿಗಳ ಒಳಪಟ್ಟಿಗಾಗಿ! 1871ರಲ್ಲಿ ಅಮೆರಿಕದ ಆಲ್ಬರ್ಟ್ ಜೋನ್ಸ್ ಅದನ್ನು ಗಾಜಿನ ವಸ್ತುಗಳಿಗೆ ಸುತ್ತಲು ಬಳಸಿದ. 1874ರಲ್ಲಿ ಆಲಿವರ್ ಲಾಂಗ್ ಅಲೆಗೆ ಚಪ್ಪಟೆ ಹಾಳೆಯನ್ನು ಅಂಟಿಸಿದ. 1930ರ ದಶಕದಲ್ಲಿ ಪಿಷ್ಟದ ಅಂಟು ಬಂದ ಮೇಲೆ ಈ ಉದ್ಯಮ ದೊಡ್ಡದಾಗಿ ಬೆಳೆಯಿತು. ಪಿಷ್ಟವೆಂದರೆ ನಮ್ಮ ಮೈದಾ ಸರಿಯ ದಾಯಾದಿಯೇ. ಆದ್ದರಿಂದ ರಟ್ಟಿನ ಪೆಟ್ಟಿಗೆ ನೀರಿನಲ್ಲಿ ನೆನೆದರೆ ಪದರಗಳು ಬಿಡಿಯಾಗುತ್ತವೆ. ಕಾಗದ ಮತ್ತೆ ಕಾಗದವಾಗುತ್ತದೆ.

ನಾಲ್ಕನೆಯ ಅಧ್ಯಾಯದಲ್ಲಿ ಕಥೆ ತಿರುಗುತ್ತದೆ. 1933ರಲ್ಲಿ ಇಂಗ್ಲೆಂಡಿನ ಐಸಿಐ ಸಂಸ್ಥೆಯ ಪ್ರಯೋಗಾಲಯದಲ್ಲಿ ಗಿಬ್ಸನ್ ಮತ್ತು ಫಾಸೆಟ್ ಎಂಬಿಬ್ಬರಿಗೆ, ಅಧಿಕ ಒತ್ತಡದ ಪಾತ್ರೆಯೊಂದರಲ್ಲಿ ಬಿಳಿಯ ಮೇಣದಂಥ ವಸ್ತು ಆಕಸ್ಮಿಕವಾಗಿ ದೊರೆಯಿತು. ಅದೇ ಪಾಲಿಥೀನ್. 1951ರಲ್ಲಿ ಸ್ವೀಡನ್ನಿನ ಲುಂಡ್ ಪಟ್ಟಣದಲ್ಲಿ ರೂಬೆನ್ ರೌಸಿಂಗ್ ಎಂಬುವರು ಟೆಟ್ರಾ ಪ್ಯಾಕ್ ಸಂಸ್ಥೆಯನ್ನು ಕಟ್ಟಿದರು. ರಟ್ಟಿನ ಮೇಲೆ ಪಾಲಿಥೀನ್ ಹೊದಿಸಿ ಹಾಲು ತುಂಬುವ ಈ ವಿದ್ಯೆ ಬೆಳೆದು, 1969ರ ಹೊತ್ತಿಗೆ ರಟ್ಟು, ಪಾಲಿಥೀನ್, ಅಲ್ಯೂಮಿನಿಯಂ ಹಾಳೆಗಳನ್ನು ಕೂಡಿಸಿದ ಇಟ್ಟಿಗೆಯಾಕಾರದ ಪೊಟ್ಟಣ ಪೇಟೆಗೆ ಬಂತು. ಅದರಲ್ಲಿ ಹಾಲು ಶೀತಲಪೆಟ್ಟಿಗೆಯಿಲ್ಲದೆ ತಿಂಗಳುಗಟ್ಟಲೆ ಕೆಡದೆ ನಿಲ್ಲುತ್ತದೆ. ನಮ್ಮ ‘ನಂದಿನಿ ಗುಡ್‌ಲೈಫ್’ ಹಾಲು ಬರುವುದೂ ಇಂಥ ಪದರದ ಪೊಟ್ಟಣದಲ್ಲಿಯೇ.

ಈ ವಿದ್ಯೆಗೆ ನಮ್ಮ ಮೈಸೂರೂ ಒಂದು ತವರು. 1950ರ ಅಕ್ಟೋಬರ್ 21ರಂದು ಚೆಲುವಾಂಬಾ ವಿಲಾಸದ ಅರಮನೆಯಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಅಂದರೆ ಜನರ ಬಾಯಿನ ‘ಸಿಎಫ್‌ಟಿಆರ್‌ಐ’, ಉದ್ಘಾಟನೆಯಾಯಿತು. ಡಾ. ವಿ. ಸುಬ್ರಹ್ಮಣ್ಯನ್ ಮೊದಲ ನಿರ್ದೇಶಕರು. ಆಹಾರವನ್ನು ಕೆಡದಂತೆ ಮಾಡುವುದು ಅರ್ಧ ಕೆಲಸ, ಕೆಡದಂತೆ ಕಟ್ಟುವುದು ಇನ್ನರ್ಧ ಎಂದು ಅರಿತ ಆ ಸಂಸ್ಥೆಯಲ್ಲಿ ಪ್ಯಾಕೇಜಿಂಗಿಗೇ ಒಂದು ವಿಭಾಗ ಬೆಳೆಯಿತು. 1961ರಲ್ಲಿ ಸೈನಿಕರ ಆಹಾರಕ್ಕೆಂದು ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಮೈಸೂರಿನಲ್ಲಿಯೇ ಸ್ಥಾಪನೆಯಾಯಿತು. 1984ರಲ್ಲಿ ರಾಕೇಶ್ ಶರ್ಮಾ ಗಗನಯಾತ್ರೆ ಕೈಗೊಂಡಾಗ ಅವರೊಡನೆ ಹೋದ ಭಾರತೀಯ ತಿನಿಸುಗಳು ಇಲ್ಲಿ ಸಿದ್ಧವಾದುವು. ಡಬ್ಬಿಯ ಭಾರವಿಲ್ಲದೆ, ಡಬ್ಬಿಯಂತೆಯೇ ಬೇಯಿಸಿ ಕಾಪಿಡಬಲ್ಲ ‘ರಿಟಾರ್ಟ್ ಪೌಚ್’ ಎಂಬ ಚೀಲದ ಆಹಾರವನ್ನು ಈ ಪ್ರಯೋಗಾಲಯ ನಮ್ಮ ದೇಶದಲ್ಲಿ ಬೆಳೆಸಿತು. ಹೊರಗೆ ಪಾಲಿಯೆಸ್ಟರ್, ನಡುವೆ ಅಲ್ಯೂಮಿನಿಯಂ, ಒಳಗೆ ಪಾಲಿಪ್ರೊಪಿಲೀನ್. ಪಲಾವನ್ನು ಒಳಗಿಟ್ಟು ಮುಚ್ಚಿ 121 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಬೇಯಿಸಿದರೂ ಪದರಗಳು ಬಿಡಬಾರದು. ಬಿಟ್ಟರೆ ಹಿಮದ ನಡುವೆ ಕಾವಲು ನಿಂತ ಸಿಪಾಯಿಯ ಊಟ ನಂಜಾಗುತ್ತದೆ.

ಪದರಗಳೇಕೆ, ಒಂದೇ ವಸ್ತು ಸಾಲದೇ ಎಂದು ಕೇಳಬಹುದು. ಸಾಲದು. ರಟ್ಟಿಗೆ ಬಿಗುವಿದೆ, ನೀರು ತಡೆಯುವ ಶಕ್ತಿಯಿಲ್ಲ. ಪಾಲಿಥೀನ್ ನೀರನ್ನು ತಡೆಯುತ್ತದೆ, ಆಮ್ಲಜನಕವನ್ನು ಅಷ್ಟಾಗಿ ತಡೆಯದು. ಅಲ್ಯೂಮಿನಿಯಂ ಗಾಳಿ, ಬೆಳಕು ಎರಡನ್ನೂ ತಡೆಯುತ್ತದೆ, ಆದರೆ ಒಂಟಿಯಾಗಿ ನಿಂತರೆ ಹರಿಯುತ್ತದೆ. ಆ ಹಾಳೆಯ ದಪ್ಪ ಆರರಿಂದ ಒಂಬತ್ತು ಮೈಕ್ರಾನ್ ಮಾತ್ರ, ಎಂದರೆ ಒಂದು ತಲೆಗೂದಲ ದಪ್ಪದ ಸುಮಾರು ಹತ್ತನೆಯ ಒಂದು ಪಾಲು! ಒಬ್ಬೊಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವ ಕೂಡುಕುಟುಂಬವಿದು. ನಂಜನಗೂಡಿನಲ್ಲಿ 1989ರಲ್ಲಿ ಆರಂಭವಾದ ನೆಸ್ಲೆ ಕಾರ್ಖಾನೆಯ ಕಾಫಿಪುಡಿ, ಮ್ಯಾಗಿ ಮೊದಲಾದವು ದೇಶದ ಮೂಲೆ ಮೂಲೆಗೆ ಗರಿಗರಿಯಾಗಿ, ಪರಿಮಳ ಕೆಡದೆ ತಲುಪುವುದು ಇಂಥ ಕೂಡುಕುಟುಂಬದ ದಯೆಯಿಂದಲೇ. ಈ ಉಪಕಾರವನ್ನು ಮರೆತು ಬರೀ ಶಪಿಸುವುದು ನ್ಯಾಯವಲ್ಲ.

ಕೂಡುಕುಟುಂಬದ ಗುಟ್ಟು ನಂಟಿನಲ್ಲಿದೆ. ಪದರಗಳ ಗುಟ್ಟು ಅಂಟಿನಲ್ಲಿದೆ. ಆ ಅಂಟು ಎಷ್ಟು ಗಟ್ಟಿ ಎಂದು ಅಳೆಯುವ ಕ್ರಮ ಸರಳ. ಹದಿನೈದು ಮಿಲಿಮೀಟರು ಅಗಲದ ಪಟ್ಟಿಯೊಂದನ್ನು ಕತ್ತರಿಸಿ, ಪದರಗಳ ತುದಿಯನ್ನು ಬಿಡಿಸಿ, ಯಂತ್ರದ ಎರಡು ಹಿಡಿಗಳಿಗೆ ಸಿಕ್ಕಿಸಿ ಎಳೆಯುತ್ತಾರೆ. ಸುಲಿಯಲು ಎಷ್ಟು ಬಲ ಬೇಕಾಯಿತೆಂದು ಗುರುತಿಸುತ್ತಾರೆ. ಬಾಳೆಹಣ್ಣಿನ ಸಿಪ್ಪೆ ಸುಲಿದಂತೆ ಎಂದುಕೊಳ್ಳಿ. ಆದರೆ ಈ ಅಳತೆ ಒಂದು ಸಂಖ್ಯೆಯನ್ನಷ್ಟೇ ಕೊಡುತ್ತದೆ. ಬಿರುಕು ಎಲ್ಲಿ ಹುಟ್ಟಿತು? ಸೋತದ್ದು ಅಂಟೋ, ಅಥವಾ ಅಂಟು ಗಟ್ಟಿಯಾಗಿ ನಿಂತು ಕಾಗದದ ಒಡಲೇ ಸೀಳಿತೋ? ಸುಲಿದು ನೋಡಿದರೆ ಸುಲಿಯುವ ಮುಂಚಿನ ಸ್ಥಿತಿ ಹಾಳಾಗಿರುತ್ತದೆ. ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕತ್ತಿಯೇ ಪದರಗಳನ್ನು ಜಜ್ಜಿರುತ್ತದೆ. ಮುಟ್ಟದೆ ಒಳಗನ್ನು ನೋಡುವ ಕಣ್ಣು ಬೇಕು.

ಆ ಕಣ್ಣು ದೊರೆತದ್ದು 1895ರ ನವೆಂಬರ್ 8ರಂದು, ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ನಗರದಲ್ಲಿ ರಾಂಟ್ಜನ್ ಕ್ಷ-ಕಿರಣವನ್ನು ಗುರುತಿಸಿದಾಗ. ಅದೇ ಡಿಸೆಂಬರಿನಲ್ಲಿ ತನ್ನ ಹೆಂಡತಿಯ ಕೈಯ ಎಲುಬನ್ನೂ ಉಂಗುರವನ್ನೂ ಆತ ಚಿತ್ರದಲ್ಲಿ ತೋರಿಸಿದ. ಎಲುಬು ಕಾಣುವುದು ಏಕೆ? ಮಾಂಸದಲ್ಲಿ ಹೆಚ್ಚಾಗಿರುವ ಇಂಗಾಲ, ಆಮ್ಲಜನಕಗಳ ಪರಮಾಣು ಸಂಖ್ಯೆ 6 ಮತ್ತು 8. ಎಲುಬಿನ ಕ್ಯಾಲ್ಸಿಯಮ್ಮಿನದು 20. ಭಾರದ ಪರಮಾಣು ಕಿರಣವನ್ನು ಹೆಚ್ಚು ನುಂಗುತ್ತದೆ, ನೆರಳು ಬೀಳುತ್ತದೆ. ಹಾಲಿನ ಪೊಟ್ಟಣದಲ್ಲಿ ಅಲ್ಯೂಮಿನಿಯಂ ಪರಮಾಣು ಸಂಖ್ಯೆ 13, ಅದು ಕಾಣುತ್ತದೆ. ಆದರೆ ಕಾಗದವೂ ಪಾಲಿಥೀನೂ ಮುಖ್ಯವಾಗಿ ಹಗುರ ಪರಮಾಣುಗಳವೇ. ಅವುಗಳ ನಡುವಿನ ಗೆರೆ ಸಾಮಾನ್ಯ ಎಕ್ಸ್-ರೇ ಚಿತ್ರದಲ್ಲಿ ಅಳಿಸಿಹೋಗುತ್ತದೆ. ಅಂಟಿನ ಗುಟ್ಟಿರುವುದು ಆ ಗೆರೆಯಲ್ಲಿಯೇ!

ಇದಕ್ಕೆ ಎರಡು ಪರಿಹಾರಗಳು ಕಾಲಾಂತರದಲ್ಲಿ ಒದಗಿದವು. ಮೊದಲನೆಯದು, ಒಂದರ ಬದಲು ನೂರಾರು ನೆರಳುಗಳನ್ನು ಹಿಡಿಯುವುದು. ಅಂಗಳದ ಮರದ ನೆರಳನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಗುರುತಿಸುತ್ತ ಹೋದರೆ, ಮರವನ್ನು ನೋಡದೆಯೂ ಅದರ ಆಕಾರವನ್ನು ಊಹಿಸಬಹುದಷ್ಟೆ? ವಸ್ತುವನ್ನು ಸುತ್ತ ತಿರುಗಿಸುತ್ತ ತೆಗೆದ ಕ್ಷ-ಕಿರಣದ ಚಿತ್ರಗಳಿಂದ ಗಣಕಯಂತ್ರ ಒಳಗಿನ ರೂಪವನ್ನು ಕಟ್ಟಿಕೊಡುತ್ತದೆ. ಹೌನ್ಸ್‌ಫೀಲ್ಡ್ ರೂಪಿಸಿದ ಇಂಥ ಯಂತ್ರ 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮೆದುಳನ್ನು ಚಿತ್ರಿಸಿತು. 1979ರಲ್ಲಿ ಆತನಿಗೂ ಕಾರ್ಮಕ್‌ಗೂ ನೊಬೆಲ್ ಬಂತು. ಅದೇ ನಾವು ಆಸ್ಪತ್ರೆಯಲ್ಲಿ ಕಾಣುವ ಸಿ.ಟಿ. ಸ್ಕ್ಯಾನ್.

ಎರಡನೆಯ ಪರಿಹಾರ ಇನ್ನೂ ಸೊಗಸಾದದ್ದು. ಬೆಳಗಿನ ಬಿಸಿಲಿನಲ್ಲಿ ಕಪಿಲೆಯ ಸೋಪಾನಗಳ ಮೇಲೆ ನಿಂತು, ಮೊಣಕಾಲುದ್ದದ ತಿಳಿನೀರಿನಡಿಯ ಕಲ್ಲನ್ನು ನೋಡಿ. ಕಲ್ಲಿನ ಮೇಲೆ ಬೆಳಕಿನ ಬಲೆಯೊಂದು ತೇಲಾಡುತ್ತಿರುತ್ತದೆ. ನೀರು ಬೆಳಕನ್ನು ನುಂಗಿಲ್ಲ. ಅಲೆಯ ಬಾಗಿನಲ್ಲಿ ಬೆಳಕು ಒಂದಿಷ್ಟು ಓರೆಯಾಗಿ, ಕೆಲವೆಡೆ ಒಟ್ಟಾಗಿದೆ ಅಷ್ಟೆ. ಹಾಗೆಯೇ ಕಾಗದ ಮುಗಿದು ಪಾಲಿಥೀನ್ ಆರಂಭವಾಗುವ ಅಂಚಿನಲ್ಲಿ ಕ್ಷ-ಕಿರಣವೂ ಅತ್ಯಲ್ಪವಾಗಿ ಓರೆಯಾಗುತ್ತದೆ. ಪತ್ತೆಯಂತ್ರವನ್ನು ಸ್ವಲ್ಪ ದೂರ ಇರಿಸಿದರೆ ಅಂಚು ಉಜ್ಜ್ವಲ ಗೆರೆಯಾಗಿ ಮೂಡುತ್ತದೆ. 1965ರಲ್ಲಿ ಬೊನ್ಸೆ ಮತ್ತು ಹಾರ್ಟ್ ಇದರ ದಾರಿ ತೋರಿದರು. 1995ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಸ್ನಿಗಿರೆವ್ ಮತ್ತು ಸಂಗಡಿಗರು ಸಿಂಕ್ರೊಟ್ರಾನ್ ಎಂಬ ದೊಡ್ಡ ಯಂತ್ರದ ಪ್ರಖರ ಕ್ಷ-ಕಿರಣದಿಂದ ಅದನ್ನು ಸರಳಗೊಳಿಸಿದರು. ಎಲೆಕ್ಟ್ರಾನುಗಳನ್ನು ಬೆಳಕಿಗೆ ಸಮೀಪದ ವೇಗದಲ್ಲಿ ಬಳೆಯಾಕಾರದ ಕೊಳವೆಯಲ್ಲಿ ಸುತ್ತಿಸಿದಾಗ, ತಿರುವಿನಲ್ಲಿ ಅವು ಚೆಲ್ಲುವ ಬೆಳಕೇ ಈ ಕಿರಣ. ನಮ್ಮ ದೇಶದಲ್ಲಿ ಇಂದೋರಿನ ‘ಇಂಡಸ್-2’ ಇಂಥ ಯಂತ್ರ; ಅಲ್ಲಿಯೂ ಚಿತ್ರಣಕ್ಕೆಂದೇ ಒಂದು ಕಿರಣಮಾರ್ಗವಿದೆ. ಆ ಕೇಂದ್ರಕ್ಕೆ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ನಮ್ಮ ರಾಜಾ ರಾಮಣ್ಣನವರ ಹೆಸರಿಟ್ಟಿದ್ದಾರೆಂಬುದು ಕನ್ನಡಿಗರಿಗೆ ಹೆಮ್ಮೆಯ ಮಾತು.

ಟೆಟ್ರಾ ಪ್ಯಾಕ್ ಹುಟ್ಟಿದ ಅದೇ ಲುಂಡ್ ಪಟ್ಟಣದಲ್ಲಿ 2016ರ ಜೂನಿನಲ್ಲಿ ‘ಮ್ಯಾಕ್ಸ್ 4’ ಎಂಬ ಸಿಂಕ್ರೊಟ್ರಾನ್ ಉದ್ಘಾಟನೆಯಾಯಿತು. ಮರದ ನಾರು, ಕಾಗದ ಮೊದಲಾದ ವಸ್ತುಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟು ಅಲ್ಲೊಂದು ಕಿರಣಮಾರ್ಗವನ್ನು ಕಟ್ಟಿದ್ದಾರೆ, ಹೆಸರು ‘ಫಾರ್‌ಮ್ಯಾಕ್ಸ್’. ಅರ್ಧ ಮಿಲಿಮೀಟರಿಗಿಂತ ತೆಳ್ಳಗಿನ ಪೊಟ್ಟಣದ ತುಂಡನ್ನು ಇಂಥ ಕಿರಣದ ಮುಂದೆ ತಿರುಗಿಸಿದರೆ ಒಳಲೋಕ ತೆರೆದುಕೊಳ್ಳುತ್ತದೆ. ಕರಗಿದ ಪಾಲಿಥೀನ್ ಕಾಗದದ ನಾರುಗಳ ಸಂದಿಗೆ ಎಷ್ಟು ಆಳಕ್ಕೆ ಇಳಿದು, ಬೇರು ಬಿಟ್ಟಂತೆ ಹಿಡಿದುಕೊಂಡಿದೆ. ಎಲ್ಲಿ ಇಳಿಯಲಾಗದೆ ಗುಳ್ಳೆ ಉಳಿದಿದೆ. ಸುಲಿಯುವಾಗ ಆ ಗುಳ್ಳೆಯಿಂದಲೇ ಬಿರುಕು ಹೊರಟಿತೋ ಇಲ್ಲವೋ. ಕಾಗದದ ಕಡೆ ಹಿಡಿತ ಹೆಚ್ಚಾಗಿ ಇಂಥ ಬೇರಿನದು. ಅಲ್ಯೂಮಿನಿಯಮ್ಮಿನ ಕಡೆ ಬೇರಿಳಿಸಲು ಸಂದಿಯಿಲ್ಲ. ಅಲ್ಲಿ ಲೋಹದ ಮೇಲಿನ ಆಕ್ಸೈಡಿನ ತೆಳುಪೊರೆಗೂ, ಪ್ಲಾಸ್ಟಿಕ್ಕಿನ ಅಣುಗಳಲ್ಲಿ ಬೇಕೆಂದೇ ಸೇರಿಸಿದ ಆಮ್ಲದ ಗುಂಪುಗಳಿಗೂ ಆಗುವ ರಾಸಾಯನಿಕ ನಂಟು. ಒಂದೇ ಪೊಟ್ಟಣದಲ್ಲಿ ಎರಡು ಬಗೆಯ ಅಂಟು!

ಇದೆಲ್ಲ ದೂರದ ಊರಿನ ಮಾತೆಂದು ಭಾವಿಸಬೇಡಿ. ಮೈಸೂರಿನ ಮಾನಸಗಂಗೋತ್ರಿಯ ಭೌತಶಾಸ್ತ್ರ ವಿಭಾಗದಲ್ಲಿ ಪ್ರೊ. ಆರ್. ಸೋಮಶೇಖರ್ ಮತ್ತು ಅವರ ಸಂಗಡಿಗರು ರೇಷ್ಮೆಯ ನಾರನ್ನು ಕ್ಷ-ಕಿರಣದ ಮುಂದಿಟ್ಟು, ಅದರೊಳಗಿನ ಹರಳುಗಳ ಗಾತ್ರವನ್ನೂ ಅವುಗಳ ಜೋಡಣೆಯ ಲೋಪವನ್ನೂ ಹಲವು ವರ್ಷ ಅಧ್ಯಯನ ಮಾಡಿದ್ದಾರೆ. ಫೈಬ್ರಾಯಿನ್ನಿನ ಅಣುಗಳು ಹಾಳೆ ಹಾಳೆಯಾಗಿ ಜೋಡಣೆಗೊಂಡಿವೆ ಎಂಬುದನ್ನು 1955ರಲ್ಲಿ ಮಾರ್ಷ್, ಕೋರಿ, ಪಾಲಿಂಗ್ ಎಂಬ ಮೂವರು ತೋರಿಸಿದ್ದು ಕ್ಷ-ಕಿರಣದಿಂದಲೇ. ನಮ್ಮ ಸೀಮೆಯ ರೈತನ ಚಂದ್ರಂಕಿಯ ಮೇಲೆ ಕಟ್ಟಿದ ಗೂಡು, ವಿಜ್ಞಾನದ ದೃಷ್ಟಿಯಲ್ಲಿ ಲುಂಡ್‌ನ ಪೊಟ್ಟಣಕ್ಕೆ ಕಿರಿದೇನೂ ಅಲ್ಲ.

ಇಷ್ಟೆಲ್ಲ ಹೇಳಿದ್ದು ಏತಕ್ಕೆ? ಇಷ್ಟು ಗಟ್ಟಿಯಾಗಿ ಅಂಟಿಸಿದ್ದನ್ನು ಬಿಡಿಸುವವರು ಯಾರು ಎಂಬ ಪ್ರಶ್ನೆಗಾಗಿ.

ಒಂದು ವರ್ಷ ನಂಜನಗೂಡಿನ ದೊಡ್ಡ ಜಾತ್ರೆಯ ಪಂಚರಥೋತ್ಸವ ಮುಗಿದ ಮಾರನೆಯ ದಿನ, ಶಾಲೆಯ ಮಕ್ಕಳೊಡನೆ ನಾವು ನಾಲ್ಕಾರು ಮಂದಿ ಶಿಕ್ಷಕರು ನದಿಯ ದಂಡೆ ಗುಡಿಸಲು ಹೋಗಿದ್ದೆವು. 1980ರ ದಶಕದಲ್ಲಿ ತಮಿಳುನಾಡಿನ ಕಡಲೂರಿನ ಕಡೆಯಿಂದ ಹೊರಟು ದೇಶಕ್ಕೆಲ್ಲ ಹಬ್ಬಿದ ಶಾಂಪೂವಿನ ಪುಟ್ಟ ಚೀಟಿಗಳು, ಚಿಪ್ಸಿನ ಹೊಳೆಯುವ ಚೀಲಗಳು, ಬಿಸ್ಕತ್ತಿನ ಹೊದಿಕೆಗಳು ಮಿಂದವರು ಬಿಟ್ಟ ಬಟ್ಟೆಗಳ ನಡುವೆ ಒದ್ದೆಯಾಗಿ ಬಿದ್ದಿದ್ದವು. ಚಿಂದಿ ಆಯುವ ವೃದ್ಧೆಯೊಬ್ಬಳು ಬಂದಳು. ಬಾಟಲಿಯನ್ನೂ ರಟ್ಟನ್ನೂ ಚೀಲಕ್ಕೆ ತುಂಬಿಕೊಂಡಳು. ಹೊಳೆಯುವ ರಾಶಿಯನ್ನು ಮುಟ್ಟಲಿಲ್ಲ. “ಯಾಕವ್ವಾ, ಇದು ಬೇಡವೆ?” ಎಂದೆ. “ಇದ ಯಾರೂ ತಕ್ಕಳಲ್ಲ ಮೇಷ್ಟ್ರೇ. ಪೇಪ್ರೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ, ತಗಡೂ ಅಲ್ಲ” ಎಂದಳು. ಪದರದ ಪೊಟ್ಟಣದ ಸಮಸ್ಯೆಯನ್ನು ಇದಕ್ಕಿಂತ ಚೊಕ್ಕವಾಗಿ ಹೇಳಿದ್ದನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿಲ್ಲ. ಮೂರೂ ಆದ್ದರಿಂದಲೇ ಅದು ಮೂರರಲ್ಲಿ ಒಂದೂ ಅಲ್ಲ. ಅಂದು ದಂಡೆಯಲ್ಲಿ ಉಳಿದದ್ದು ಕಪಿಲೆಗೆ. ಕಪಿಲೆಗೆ ಬಿದ್ದದ್ದು ತಿರುಮಕೂಡಲಿಗೆ.

ಸರ್ಕಾರ ಸುಮ್ಮನಿತ್ತೆಂದು ಹೇಳಲಾಗದು. ಗುಟ್ಕಾ, ತಂಬಾಕುಗಳನ್ನು ಪ್ಲಾಸ್ಟಿಕ್ ಚೀಟಿಯಲ್ಲಿ ಮಾರಬಾರದೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಆದೇಶಿಸಿ, ಅದು 2011ರ ಮಾರ್ಚಿನಿಂದ ಜಾರಿಗೆ ಬಂತು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು, ಮರುಬಳಕೆಯಾಗದ ಬಹುಪದರ ಪ್ಲಾಸ್ಟಿಕ್ಕನ್ನು ಎರಡು ವರ್ಷಗಳಲ್ಲಿ ಕೈಬಿಡಬೇಕೆಂದವು. 2018ರ ತಿದ್ದುಪಡಿಯಲ್ಲಿ, ಸುಟ್ಟು ಶಕ್ತಿ ಪಡೆಯಲು ಅಥವಾ ಬೇರೆ ಉಪಯೋಗಕ್ಕೆ ಬರುವಂಥದಕ್ಕೆ ವಿನಾಯಿತಿ ದೊರೆತು ಆ ಗಂಟು ಸಡಿಲವಾಯಿತು. 2022ರಲ್ಲಿ ತಯಾರಕರ ಹೊಣೆಗಾರಿಕೆಯ ನಿಯಮಗಳು ಬಂದಾಗ ಬಹುಪದರ ಪೊಟ್ಟಣಕ್ಕೆ ಪ್ರತ್ಯೇಕ ವರ್ಗವನ್ನೇ ಮಾಡಲಾಯಿತು. ಕಾನೂನು ಹೊಣೆಯನ್ನು ಹಂಚಬಲ್ಲದು, ಪದರವನ್ನು ಬಿಡಿಸಲಾರದು. ಅದು ವಿಜ್ಞಾನದ ಕೆ��ಸ.

ಆ ಕೆಲಸ ಆರಂಭವಾಗಿದೆ ಎಂಬುದು ಸಮಾಧಾನ. ಹಾಲಿನ ರಟ್ಟಿನ ಪೊಟ್ಟಣವನ್ನು ದೊಡ್ಡ ತೊಟ್ಟಿಯ ನೀರಿನಲ್ಲಿ ಕಡೆದರೆ ಸುಮಾರು ಮುಕ್ಕಾಲು ಪಾಲಿನ ಕಾಗದದ ನಾರು ಬೇರೆಯಾಗಿ ಬರುತ್ತದೆ. ಉಳಿದ ಪಾಲಿಥೀನ್-ಅಲ್ಯೂಮಿನಿಯಮ್ಮನ್ನು ಒತ್ತಿ ಚಾವಣಿಯ ಹಾಳೆ ಮಾಡುತ್ತಾರೆ. 2020ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಸಂಶೋಧಕರು, ಒಂದೊಂದು ದ್ರಾವಕದಲ್ಲಿ ಒಂದೊಂದೇ ಪದರವನ್ನು ಕರಗಿಸಿ ಬೇರ್ಪಡಿಸುವ ವಿಧಾನವನ್ನು ಪ್ರಕಟಿಸಿದರು. ಮತ್ತೆ ಕೆಲವರು ಎಲ್ಲ ಪದರಗಳನ್ನೂ ಒಂದೇ ಜಾತಿಯ ಪ್ಲಾಸ್ಟಿಕ್ಕಿನಲ್ಲಿ ಮಾಡುವ ಯತ್ನದಲ್ಲಿದ್ದಾರೆ. ಅಲ್ಯೂಮಿನಿಯಮ್ಮನ್ನು ಬಿಟ್ಟು ಕಾಗದವನ್ನೇ ಹೆಚ್ಚು ಬಳಸಬೇಕೆಂಬ ಪ್ರಯತ್ನವೂ ಇದೆ. ಇವುಗಳಿಗೆಲ್ಲ ಮೊದಲು ಬೇಕಾದ ತಿಳಿವಳಿಕೆ ಒಂದೇ: ಪದರ ಪದರವನ್ನು ಎಲ್ಲಿ, ಹೇಗೆ ಹಿಡಿದಿದೆ? ಹಿಡಿತ ತಿಳಿಯದೆ ಬಿಡುಗಡೆ ತಿಳಿಯದು. ಆದ್ದರಿಂದ ಆ ಕ್ಷ-ಕಿರಣದ ಚಿತ್ರಗಳು ಇನ್ನೂ ಗಟ್ಟಿಯಾಗಿ ಅಂಟಿಸುವುದಕ್ಕಷ್ಟೇ ಅಲ್ಲ, ಹದವಾಗಿ ಬಿಡಿಸುವುದಕ್ಕೂ ದಾರಿದೀಪವಾಗಬೇಕು.

ಸೆರಿಸಿನ್ನಿನ ಮಾತನ್ನು ನೆನಪಿನಲ್ಲಿಡಿ ಎಂದಿದ್ದೆನಲ್ಲ, ಅದು ಇದಕ್ಕೇ. ಬಿಸಿಲಿಗೆ, ಗಾಳಿಗೆ, ಇರುವೆಗೆ ಜಗ್ಗದ ಗೂಡು, ಹೊತ್ತು ಬಂದಾಗ ಬಿಸಿನೀರಿಗೆ ಮಣಿಯುತ್ತದೆ. ಒಳ್ಳೆಯ ಅಂಟೆಂದರೆ ಎಂದೂ ಬಿಡದ ಅಂಟಲ್ಲ; ಬೇಕಾದಷ್ಟು ಕಾಲ ಹಿಡಿದು, ಬಿಡಬೇಕಾದಾಗ ಬಿಡುವ ಅಂಟು. ಹುಳುವಿಗೆ ತಿಳಿದ ಈ ಪಾಠವನ್ನು ನಾವು ಇನ್ನೂ ಕಲಿಯುತ್ತಿದ್ದೇವೆ.

ಓದುಗರಲ್ಲಿ ಮೊಮ್ಮಕ್ಕಳಿರುವವರು ಈ ಚಿಕ್ಕ ಪ್ರಯೋಗವನ್ನು ಮಾಡಿಸಬಹುದು. ಮೂರು ಲೋಟಗಳಲ್ಲಿ ಬಿಸಿನೀರು ತೆಗೆದುಕೊಳ್ಳಿ. ಒಂದಕ್ಕೆ ರಟ್ಟಿನ ತುಂಡು, ಇನ್ನೊಂದಕ್ಕೆ ಒಂದು ರೇಷ್ಮೆಗೂಡು, ಮೂರನೆಯದಕ್ಕೆ ಚಿಪ್ಸಿನ ಚೀಲದ ತುಂಡು ಹಾಕಿ. ನೀರು ಆರಿದಂತೆ ಬಿಸಿನೀರು ಬದಲಿಸಿ. ಬಿಸಿನೀರಿನ ಬಳಿ ಹಿರಿಯರು ಜೊತೆಗಿರಲಿ. ರಟ್ಟಿನ ಪದರಗಳು ಬಿಡಿಯಾಗುತ್ತವೆ. ಗೂಡು ಮೆತ್ತಗಾಗಿ, ಒರಟು ಬ್ರಷ್ಷಿನಿಂದ ಸವರಿದರೆ ಎಳೆ ಸಿಕ್ಕುತ್ತದೆ. ಮೂರನೆಯ ಲೋಟದಲ್ಲಿ ಏನೂ ಆಗುವುದಿಲ್ಲ. ಮಾರನೆಯ ದಿನ ನೋಡಿದರೂ ಆ ತುಂಡು ಹಾಗೆಯೇ ಹೊಳೆಯುತ್ತಿರುತ್ತದೆ. ಏಕೆ ಎಂದು ಮಗು ಕೇಳಿದರೆ, ಉತ್ತರವನ್ನು ಕೂಡಲೇ ಹೇಳಿಬಿಡಬೇಡಿ. ಆ ಪ್ರಶ್ನೆ ಅದರ ತಲೆಯಲ್ಲಿ ಕೆಲವು ದಿನ ಅಂಟಿಕೊಂಡಿರಲಿ.